‘ಎಂತ’ ಅಂದ್ರೆ ಎಂತ? ಘಟ್ಟದ ಮೇಲಿನವಳ ಒಂದು ಪ್ರಶ್ನೆ

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಕೆಲಸದ ಮೇಲೆ ಮಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಕದ್ರಿ ಹತ್ತಿರ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ತುಳು ಬರುವುದಿಲ್ಲ. ಅದು ಬೇರೆ ಭಾಷೆ, ನಿಧಾನಕ್ಕೆ ಕಲಿಯುತ್ತೇನೆ. ನನಗೆ ತಲೆ ಕೆಟ್ಟಿರುವುದು ಇಲ್ಲಿನ ಕನ್ನಡದಿಂದ. ಅದರಲ್ಲೂ ಒಂದೇ ಒಂದು ಪದದಿಂದ: ಎಂತ.

ಮೊದಲ ವಾರ ಮೇಲೆ ನೀರು ಬರಲಿಲ್ಲ. ಕೆಳಗಿನ ಮನೆ ಆಂಟಿಯನ್ನು ಕರೆದೆ. ಒಳಗಿನಿಂದ ‘ಎಂತದು?’ ಅಂತ ಧ್ವನಿ ಬಂತು. ನಮ್ಮ ಕಡೆ ಹಾಗೆ ಕೇಳಿದರೆ ‘ಏನೀಗ ನಿಂದು?’ ಅಂದ ಹಾಗೆ. ಮುಖ ಸಣ್ಣ ಮಾಡಿಕೊಂಡು ಸುಮ್ನೆ ಮೇಲೆ ಹತ್ತಿಬಿಟ್ಟೆ. ಐದು ನಿಮಿಷಕ್ಕೆ ಆಂಟಿಯೇ ಮೇಲೆ ಬಂದರು. ‘ಎಂತ, ಕರೆದು ಓಡಿದ್ದು?’ ಅಂದರು. ಮೋಟರ್ ಹಾಕಿಸಿದರು. ಹೋಗುವಾಗ ಒಂದು ಲೋಟ ಮಜ್ಜಿಗೆ ಬೇರೆ.

ಆಫೀಸಿನಲ್ಲಿ ‘ಊಟ ಆಯ್ತಾ ಎಂತ?’ ಅಂತಾರೆ. ‘ಎಂತ’ ಆದಮೇಲೆ ಇನ್ನೇನೋ ಬರುತ್ತದೆ ಅಂತ ಕಾಯುತ್ತೇನೆ. ಬರುವುದಿಲ್ಲ. ಡಾಕ್ಟರು ‘ಎಂತಾಗುದು?’ ಅಂತಾರೆ. ಬಸ್ಸಿನ ಕಂಡಕ್ಟರು ‘ಎಂತ, ಇಳಿಯುದಿಲ್ವಾ?’ ಅಂತಾರೆ. ನಿನ್ನೆ ಒಬ್ಬ ಗೆಳತಿಯ ಮನೆಗೆ ಹೋದರೆ ಅವಳ ಅಮ್ಮ ಬಾಗಿಲಲ್ಲೇ ‘ಎಂತ ಬಂದದ್ದು?’ ಅಂದರು. ವಾಪಸ್ ಹೋಗಬೇಕೋ ಒಳಗೆ ಹೋಗಬೇಕೋ ತಿಳಿಯಲಿಲ್ಲ.

ಇದು ತುಳು ಪದವಾ? ಏನು, ಯಾಕೆ, ಹೇಗೆ ಎಲ್ಲಕ್ಕೂ ಇದೊಂದೇನಾ? ಸ್ವಲ್ಪ ಬಿಡಿಸಿ ಹೇಳಿ.

ಉರ್ವಾಸ್ಟೋರ್:

ಆಂಟಿ ಬೈದದ್ದು ಅಲ್ಲವೇ ಅಲ್ಲ ಮಾರಾಯ್ರೆ. ಕರೆದರೆ ನೀವು ‘ಓ’ ಅಂತೀರಿ, ‘ಏನ್ರಿ’ ಅಂತೀರಿ. ನಾವು ‘ಎಂತ’ ಅಂತೇವೆ. ಇಲ್ಲಿದ್ದೇನೆ, ಹೇಳು, ಕೇಳ್ತಾ ಉಂಟು ಅಂತ ಅರ್ಥ. ಗೆಳತಿಯ ಅಮ್ಮನದ್ದೂ ಅಷ್ಟೇ. ‘ಏನು ವಿಶೇಷ, ಇಷ್ಟು ದೂರ ಬಂದ್ರಿ’ ಎಂಬ ಖುಷಿ ಅದು. ಒಳಗೆ ಹೋಗಿದ್ದರೆ ಚಾ ಸಿಗುತ್ತಿತ್ತು.

ನಿಮಗೆ ಒಂದು ಪಾಠ. ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುವಾಗ ಕಿವಿ ಕೊಟ್ಟು ನಿಲ್ಲಿ. (ಸ್ಟೇಟ್‌ಬ್ಯಾಂಕ್ ಅಂದರೆ ಇಲ್ಲಿ ಬ್ಯಾಂಕ್ ಅಲ್ಲ, ಸಿಟಿ ಬಸ್ಸು ನಿಲ್ಲುವ ಜಾಗ. ಅದೂ ಗೊತ್ತಿರಲಿ.) ಇಬ್ಬರು ಪರಿಚಯದವರು ಎದುರಾಗುತ್ತಾರೆ.

‘ಎಂತ?’
‘ಎಂತ ಇಲ್ಲ.’
‘ಮತ್ತೆಂತ?’
‘ಇನ್ನೆಂತ!’

ಬಸ್ಸು ಬರುತ್ತದೆ, ಇಬ್ಬರೂ ಹತ್ತುತ್ತಾರೆ. ಮಾತು ಮುಗಿಯಿತು. ಕ್ಷೇಮ ಸಮಾಚಾರ ಎಲ್ಲ ವಿಚಾರಿಸಿ ಆಯಿತು. ಇದರಲ್ಲಿ ಮೊದಲನೆಯದು ‘ಹೇಗಿದ್ದೀರಿ’. ಎರಡನೆಯದು ‘ಹೊಸತೇನೂ ಇಲ್ಲ’. ಮೂರನೆಯದು ‘ಬೇರೆ ಸುದ್ದಿ’. ನಾಲ್ಕನೆಯದು ‘ಹೀಗೇ ನಡೀತಾ ಉಂಟು ಜೀವನ’.

ಬಜ್ಪೆ ಬುಲೆಟ್:

ತುಳುವಿನಿಂದಲೇ ಬಂದದ್ದು, ಮತ್ತೆಂತ! ನಮ್ಮ ಊರಿನ ಕನ್ನಡದಲ್ಲಿ ವಿಚಿತ್ರ ಇರುವುದೆಲ್ಲ ತುಳುವಿನಿಂದಲೇ.

ಟೀಚರಕ್ಕ:

ಪುತ್ತೂರು ಕಡೆ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಈ ಪದ ನನಗೆ ದಿನಾ ಗಂಟು ಬೀಳುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಣ್ಣೆದೋಸೆಯವರೇ, ನೀವು ಅರ್ಥ ಹುಡುಕಬೇಡಿ, ಜಾಗ ನೋಡಿ. ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಅಂತ. ‘ಊಟಕ್ಕೆ ಎಂತ?’ ಅಂದರೆ ‘ಏನು’. ಇದರಲ್ಲಿ ಗೊಂದಲ ಇಲ್ಲ. ‘ಇಲ್ಲ’, ‘ಬೇಡ’ ಇವುಗಳ ಹಿಂದೆಯೇ ಕೂತರೆ ‘ಏನೂ’: ‘ಎಂತ ಇಲ್ಲ’, ‘ಎಂತ ಬೇಡ’. ಜಾಸ್ತಿ ಒತ್ತಿ ಹೇಳಬೇಕಾದರೆ ‘ಎಂತ ಸಾ ಇಲ್ಲ’. ಈ ‘ಸಾ’ ಅಂದರೆ ‘ಸಹ’. ಹಾಗೆ ಹೇಳಿದವರ ಮನೆಯಲ್ಲಿ ನಿಜವಾಗಿ ಎಂತ ಸಾ ಇಲ್ಲ ಅಂತ ತಿಳಿಯಬೇಕು.

‘ನಿನ್ನೆ ಎಂತ ಬರ್ಲಿಲ್ಲ?’ ಅಂದರೆ ಮಾತ್ರ ‘ಯಾಕೆ’. ನಿಮ್ಮ ಗೆಳತಿಯ ಅಮ್ಮ ಕೇಳಿದ್ದರಲ್ಲಿ ‘ಏನು’, ‘ಯಾಕೆ’ ಎರಡೂ ಸ್ವಲ್ಪ ಸ್ವಲ್ಪ ಇವೆ. ಸ್ಪಷ್ಟವಾಗಿ ‘ಯಾಕೆ’ ಅನ್ನಬೇಕಾದರೆ ನಾವು ‘ಎಂತಕ್ಕೆ’ ಅಂತೇವೆ. ಮಕ್ಕಳು ಅಲ್ಲಿಗೇ ನಿಲ್ಲಿಸುವುದಿಲ್ಲ. ಪರೀಕ್ಷೆಯಲ್ಲಿ ‘ಏಕೆಂದರೆ’ ಬರೆಯಬೇಕಾದಲ್ಲಿ ‘ಎಂತಕ್ಕೆಂದರೆ’ ಅಂತ ಬರೆಯುತ್ತಾರೆ. ಒಮ್ಮೆ ಒಬ್ಬ ಹುಡುಗ ‘ಎಂತಕ್ಕೆ ಹೇಳಿದರೆ’ ಅಂತಲೇ ಶುರು ಮಾಡಿದ್ದ. ಅವನ ಮನೆಯಲ್ಲಿ ಹಾಗೆಯೇ ಮಾತಾಡುತ್ತಾರೆ. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಎಳೆದ ಮೇಲೆ ಕೈ ಒಂದು ಸಲ ತಡೆಯಿತು. ಉತ್ತರ ಸರಿಯಾಗಿಯೇ ಇತ್ತು, ವ್ಯಾಕರಣವೂ ಸರಿಯಿತ್ತು. ಪುಸ್ತಕದ ಕನ್ನಡ ಆಗಿರಲಿಲ್ಲ ಅಷ್ಟೇ. ಮಾರ್ಕ್ ಕಳೆಯಲಿಲ್ಲ.

ಇನ್ನು ನಿಮ್ಮ ‘ಊಟ ಆಯ್ತಾ ಎಂತ?’ ಇದು ಬೇರೆಯೇ ಜಾತಿ. ಪ್ರಶ್ನೆ ಮುಗಿದ ಮೇಲೆ ಬಾಲದ ಹಾಗೆ ಬರುವ ‘ಎಂತ’. ‘ಜ್ವರ ಉಂಟಾ ಎಂತ?’ ‘ಬರ್ತೀರಾ ಎಂತ?’ ಇದಕ್ಕೆ ಉತ್ತರ ಬೇಡ. ‘ಅಥವಾ ಇಲ್ಲವೋ’ ಅನ್ನುವುದನ್ನು ಇಡೀ ಹೇಳುವ ಬದಲು ಒಂದೇ ಪದದಲ್ಲಿ ಮುಗಿಸುವುದು. ಬೈಯುವಾಗ ಇದೇ ಬಾಲ ಚುಚ್ಚುತ್ತದೆ: ‘ಮಂಡೆ ಸಮ ಇಲ್ವಾ ಎಂತ?’ ಅಲ್ಲಿ ಪ್ರಶ್ನೆಯೇ ಇಲ್ಲ, ತೀರ್ಪು.

ಬಜ್ಪೆಯವರಿಗೆ: ಈ ಬಾಲದ ‘ಎಂತ’ದಲ್ಲಿ ತುಳುವಿನ ನೆರಳು ಇದ್ದರೂ ಇರಬಹುದು. ತುಳುವಿನಲ್ಲೂ ‘ಮರ್ಲಾ ದಾನೆ?’ (ಹುಚ್ಚಾ ಎಂತ?) ಅಂತ ಕೊನೆಗೆ ‘ದಾನೆ’ ಸೇರಿಸುತ್ತೇವಲ್ಲ. ಆದರೆ ಪದವೇ ತುಳುವಿನದ್ದು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಕುಂದಾಪ್ರದವ:

ಹ್ವಾಯ್, ನಮ್ಮನ್ನು ಬಿಟ್ಟು ಈ ಮಾತು ಮುಗಿಸಬೇಡಿ. ನಮ್ಮ ಕಡೆ ಮನೆಮಾತೇ ಕನ್ನಡ. ಹೆಚ್ಚಿನವರಿಗೆ ತುಳುವಿನ ಗಾಳಿ ಕೂಡ ಇಲ್ಲ. ಆದರೂ ಅಜ್ಜಿಯಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಎಲ್ಲರದ್ದೂ ‘ಎಂತ’ವೇ. ‘ಹ್ವಾಯ್, ಎಂತ ಸುದ್ದಿ?’ ‘ಎಂತ ಆಯ್ತ್ ಮಾರಾಯ್ರೆ?’ ‘ಎಂತಾ ಅವಸ್ಥೆ!’ ಹುಡುಗಿಯರನ್ನು ಕರೆಯುವುದಾದರೆ ‘ಎಂತ ಹೆಣೆ?’ ತುಳುವಿನಿಂದ ಬಂದಿದ್ದರೆ ನಮ್ಮ ಮನೆಯೊಳಗೆ ಹೇಗೆ ಹೊಕ್ಕಿತು ಹೇಳಿ ಕಾಂಬ.

ಒಂದು ಎಚ್ಚರಿಕೆ. ‘ಎಂತದಾ’, ‘ಎಂತದೇ’ ಅನ್ನುವುದು ಸಲುಗೆ ಇದ್ದವರಿಗೆ ಮಾತ್ರ. ಮೊದಲನೆಯದು ಹುಡುಗರಿಗೆ, ಎರಡನೆಯದು ಹುಡುಗಿಯರಿಗೆ. ಬಾಸ್ ಹತ್ತಿರ ‘ಎಂತದಾ’ ಅಂದರೆ ಮರುದಿನ ಕೆಲಸ ಇರುವುದಿಲ್ಲ.

ಹಳೆ ಪುಸ್ತಕದ ಹುಳ:

ಬಜ್ಪೆಯವರ ಮಾತಿಗೆ ಉತ್ತರ. ತುಳುವಿನಲ್ಲಿ ‘ಏನು’ ಅನ್ನುವುದಕ್ಕೆ ದಾನೆ, ದಾದ, ಜಾನೆ. ‘ಯಾಕೆ’ ಅನ್ನುವುದಕ್ಕೆ ದಾಯೆ. ಎಲ್ಲಿದೆ ‘ಎಂತ’? ಕೊಂಕಣಿಯಲ್ಲಿ ನೋಡಿದರೆ ಕ್ರಿಶ್ಚಿಯನ್ನರ ಮನೆಯಲ್ಲಿ ‘ಕಿತೆಂ’, ಗೌಡ ಸಾರಸ್ವತರ ಮನೆಯಲ್ಲಿ ‘ಕಸಲೆ’. ಅಲ್ಲಿಯೂ ಇಲ್ಲ.

ಇದು ಅಚ್ಚ ಕನ್ನಡ, ಅದೂ ಹಳೆಯದು. ಹಳಗನ್ನಡದಲ್ಲಿ ‘ಎಂತು’ ಅಂದರೆ ‘ಹೇಗೆ’. ಅದರ ಅಣ್ಣತಮ್ಮಂದಿರು ‘ಅಂತು’, ‘ಇಂತು’. ಆ ಇಬ್ಬರನ್ನು ನೀವು ದಾವಣಗೆರೆಯಲ್ಲಿ ದಿನಾ ಬಳಸುತ್ತೀರಿ. ‘ಅಂತೂ ಇಂತೂ ಕೆಲಸ ಆಯಿತು’ ಅಂತೀರಲ್ಲ, ಅದೇ. ಮೂರನೆಯವನನ್ನು ಮಾತ್ರ ಘಟ್ಟದ ಮೇಲೆ ಮರೆತುಬಿಟ್ಟಿರಿ.

ಶಾಲೆಯಲ್ಲಿ ಅಕ್ಕಮಹಾದೇವಿಯ ವಚನ ಓದಿರುತ್ತೀರಿ, ಬೆಟ್ಟದ ಮೇಲೆ ಮನೆ ಮಾಡಿದ್ದು, ಸಮುದ್ರದ ದಡದಲ್ಲಿ ಮನೆ ಮಾಡಿದ್ದು. ಅದರಲ್ಲಿ ಮತ್ತೆ ಮತ್ತೆ ಬರುವ ‘ಅಂಜಿದಡೆಂತಯ್ಯಾ’ ಬಿಡಿಸಿ ನೋಡಿ. ಅಂಜಿದಡೆ, ಎಂತು, ಅಯ್ಯಾ. ಹೆದರಿದರೆ ಹೇಗಪ್ಪಾ ಅಂತ. 12ನೇ ಶತಮಾನದ ಮಾತು. ಅಕ್ಕ ಹುಟ್ಟಿದ್ದು ಉಡುತಡಿಯಲ್ಲಿ, ಶಿವಮೊಗ್ಗದ ಕಡೆ. ಕರಾವಳಿಯಲ್ಲಿ ಅಲ್ಲ. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟಿನಲ್ಲೂ ಈ ಪದ ಉಂಟು.

‘ಎಂತು’ವಿನಿಂದ ‘ಎಂತಪ್ಪ’, ಅದರಿಂದ ‘ಎಂತಹ’, ‘ಎಂಥ’. ‘ಎಂಥದು’ ಅಂದರೆ ಯಾವ ತರದ್ದು. ಯಾವ ತರದ್ದು ಅಂತ ಕೇಳಿ ಕೇಳಿ ಸವೆದು ಬರೀ ‘ಏನು’ ಆಯಿತು. ನನಗೆ ಕಾಣುವ ದಾರಿ ಇದು.

ಮತ್ತೆ ತುಳುವಿಗೆ ಸಂಬಂಧವೇ ಇಲ್ಲವಾ ಅಂದರೆ, ಉಂಟು, ಆದರೆ ಸಾಲದ ಸಂಬಂಧ ಅಲ್ಲ, ದಾಯಾದಿ ಸಂಬಂಧ. ಕನ್ನಡದ ಎಂತು, ಇಂತು, ಅಂತು. ತುಳುವಿನ ಎಂಚ, ಇಂಚ, ಅಂಚ. ‘ಎಂಚ ಉಲ್ಲರ್?’ ಅಂದರೆ ಹೇಗಿದ್ದೀರಿ. ಹಳಗನ್ನಡದವರು ‘ಎಂತಿರ್ದಪಿರ್’ ಅಂತ ಕೇಳಿದರೆ ಎಷ್ಟು ಹತ್ತಿರ ನೋಡಿ. ಒಂದೇ ಮನೆಯ ಹಂಡೆ, ಪಾಲಾಗುವಾಗ ಇಬ್ಬರ ಮನೆಗೂ ಒಂದೊಂದು ಹೋಯಿತು.

ಬಜ್ಪೆ ಬುಲೆಟ್:

ಸರಿ, ಸೋತೆ. ಆದರೆ ‘ಎಂಚಿನ’ ಅಂತ ತುಳುವಿನಲ್ಲಿ ಉಂಟಲ್ಲ? ‘ಎಂಚಿನ ಮಾರಾಯ’ ಅಂತೇವೆ.

ಹಳೆ ಪುಸ್ತಕದ ಹುಳ:

ಅದೇ. ನಿಮ್ಮ ‘ಎಂಚಿನ’ಕ್ಕೆ ನಮ್ಮ ‘ಎಂಥ’ ಜೋಡಿ. ನೀವು ಪೂರ್ತಿ ಸೋಲಲಿಲ್ಲ.

ಮಂಜೇಶ್ವರ ಪ್ಯಾಸೆಂಜರ್:

ಕಾಸರಗೋಡು ಜಿಲ್ಲೆಯಿಂದ ಒಂದು ಮಾತು. ಮಲಯಾಳದಲ್ಲಿ ‘ಏನು’ ಅಂದರೆ ‘ಎಂದ್’, ಕೇಳುವಾಗ ‘ಎಂದಾ?’ ‘ಯಾಕೆ’ ಅಂದರೆ ‘ಎಂದಿನ್’. ನಮ್ಮ ‘ಎಂತ’, ‘ಎಂತಕ್ಕೆ’ ಜೋಡಿಯ ಹಾಗೆಯೇ. ನಮ್ಮೂರಿನ ಅಂಗಡಿಯಲ್ಲಿ ಗಿರಾಕಿ ಕನ್ನಡದವರೋ ಮಲಯಾಳದವರೋ ಗೊತ್ತಾಗದಿದ್ದರೆ ಅಂಗಡಿಯವರು ‘ತ’ಕ್ಕೂ ‘ದ’ಕ್ಕೂ ನಡುವಿನ ಒಂದು ಶಬ್ದ ಬಿಡುತ್ತಾರೆ. ಇಬ್ಬರಿಗೂ ಅರ್ಥ ಆಗುತ್ತದೆ. ತಮಾಷೆ ಅಲ್ಲ, ಬಂದು ಕೇಳಿ.

ಮಂಜೇಶ್ವರದ ಹವ್ಯಕರ ಮನೆಗಳಲ್ಲಿ ‘ಎಂತರ’ ಅಂತಲೂ ಉಂಟು. ‘ಅದೆಂತರ?’ ಅಂದರೆ ‘ಅದೇನದು?’

ತೀರ್ಥಹಳ್ಳಿ ಜಡಿಮಳೆ:

ಕರಾವಳಿಯ ಪದ ಅಂತ ಬೋರ್ಡ್ ಹಾಕಿ ಕೂತಿದ್ದೀರಲ್ಲ, ಸ್ವಲ್ಪ ಆಗುಂಬೆ ಹತ್ತಿ ಬನ್ನಿ. ನಮ್ಮಲ್ಲೂ ‘ಎಂಥದಾ ಮಾರಾಯ’, ‘ಎಂಥದೂ ಇಲ್ಲ’. ಶೃಂಗೇರಿ, ಕೊಪ್ಪ, ಶಿರಸಿ ಎಲ್ಲ ಕಡೆ ಉಂಟು. ಇದು ಮಳೆ ಜಾಸ್ತಿ ಬೀಳುವ ಊರುಗಳ ಪದ ಅನ್ನಿ, ಒಪ್ಪುತ್ತೇನೆ. ಮೇಲೆ ಹುಳದವರೇ ಹೇಳಿದರಲ್ಲ, ಅಕ್ಕ ನಮ್ಮ ಜಿಲ್ಲೆಯವಳು.

ಉರ್ವಾಸ್ಟೋರ್:

ಒಂದು ಮುಖ್ಯವಾದದ್ದು ಬಿಟ್ಟುಹೋಯಿತು. ಹೆಸರು ಮರೆತಾಗ. ‘ಆ ಎಂತದು, ಅದು, ಕಂಕನಾಡಿ ಹತ್ತಿರ, ಎಂತದು ಅದು, ನೀಲಿ ಗೇಟಿನದ್ದು...’ ನನ್ನ ಅಪ್ಪ ಒಂದು ವಾಕ್ಯದಲ್ಲಿ ನಾಲ್ಕು ‘ಎಂತದು’ ಹಾಕುತ್ತಾರೆ. ಅಮ್ಮನಿಗೆ ಎಲ್ಲವೂ ಅರ್ಥ ಆಗುತ್ತದೆ.

ಕತೆ ಶುರು ಮಾಡುವುದಕ್ಕೂ ಇದೇ. ‘ಎಂತ ಗೊತ್ತುಂಟಾ?’ ಅಂತ ಯಾರಾದರೂ ಹತ್ತಿರ ಸರಿದರೆ ಕೆಲಸ ಬಿಟ್ಟು ಕೂರಬೇಕು. ‘ಅವರೊಳಗೆ ಎಂತದೋ ಉಂಟು’ ಅಂದರೆ ಬಾಗಿಲು ಹಾಕಿಯೇ ಕೂರಬೇಕು.

ಮತ್ತೆ ‘ಎಂತ ಸಾವು ಮಾರಾಯ’ ಅಂತ ಕೇಳಿದರೆ ಹೆದರಬೇಡಿ. ಯಾರೂ ಸತ್ತಿರುವುದಿಲ್ಲ. ಕರೆಂಟ್ ಹೋಗಿರುತ್ತದೆ ಅಥವಾ ಪಂಪ್‌ವೆಲ್‌ನಲ್ಲಿ ಟ್ರಾಫಿಕ್ ಬ್ಲಾಕ್ ಆಗಿರುತ್ತದೆ.

ಮಲ್ಪೆ ದಕ್ಕೆ:

ನಮ್ಮಲ್ಲಿ ಬೋಟಿಗೆ ಒಡಿಶಾ, ಆಂಧ್ರದಿಂದ ಹುಡುಗರು ಬರುತ್ತಾರೆ. ಅವರು ಮೊದಲು ಕಲಿಯುವ ಎರಡು ಪದ ‘ಎಂತ’ ಮತ್ತು ‘ಉಂಟು’. ಅಷ್ಟರಲ್ಲಿ ಒಂದು ಸೀಸನ್ ಕಳೆಯಬಹುದು.

ಈಗಂತೂ ಟ್ರಾಲಿಂಗ್ ರಜೆ, ಜೂನ್ 1ರಿಂದ ಜುಲೈ 31ರವರೆಗೆ. 61 ದಿನ ಯಾಂತ್ರಿಕ ಬೋಟು ಇಳಿಯುವ ಹಾಗಿಲ್ಲ. ದಿನಾ ನಾಲ್ಕು ಜನ ಫೋನ್ ಮಾಡುತ್ತಾರೆ, ‘ಮೀನು ಎಂತ ಉಂಟು?’ ಅಂತ. ‘ಎಂತ ಇಲ್ಲ.’ ‘ಎಂತದೂ ಇಲ್ವಾ?’ ‘ನಾಡದೋಣಿಯದ್ದು ಸ್ವಲ್ಪ ಉಂಟು.’ ‘ಎಂತಾ ರೇಟು ಮಾರಾಯ್ರೆ!’ ನೋಡಿ, ಕೊನೆಯದ್ದು ಎಳೆದು ಹೇಳಬೇಕು. ‘ಎಂತ ರೇಟು?’ ಅಂದರೆ ಪ್ರಶ್ನೆ. ‘ಎಂತಾ ರೇಟು!’ ಅಂದರೆ ಗಿರಾಕಿ ಹೋದ.

ಬಯಲಾಟ:

ಮೇಲಿನ ಮಾತಿಗೆ ಸೇರಿಸುತ್ತೇನೆ. ನಾನು ಯಕ್ಷಗಾನದ ಮರುಳ. ರಂಗಸ್ಥಳದಲ್ಲಿ ಅರ್ಜುನ ಯಾವತ್ತೂ ಕೃಷ್ಣನಿಗೆ ‘ಎಂತ ಬಾವ?’ ಅನ್ನುವುದಿಲ್ಲ. ‘ಏನು’, ‘ಏತಕ್ಕಾಗಿ’, ಅಂಥ ತೂಕದ ಮಾತೇ. ಅದೇ ಹಾಸ್ಯಗಾರ ಬಂದು ‘ಎಂತದು ಒಡೆಯಾ?’ ಅಂದ ಅಂತಿಟ್ಟುಕೊಳ್ಳಿ, ನಿದ್ದೆ ಮಾಡುತ್ತಿದ್ದವರೂ ಎದ್ದು ನಗುತ್ತಾರೆ. ಪದದಲ್ಲಿ ನಗು ಇಲ್ಲ. ಮನೆಯ ಜಗುಲಿಯಲ್ಲಿ ಆಡುವ ಮಾತು ಅರಮನೆಯಲ್ಲಿ ಕೇಳಿತಲ್ಲ, ಅದಕ್ಕೆ ನಗು.

ಹಾಗಂತ ‘ಎಂತ’ ಕೀಳು ಮಾತು ಅಂತ ಅಲ್ಲ. ಅದೇ ಅರ್ಜುನ ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಹೋಗಿ ಕಿರೀಟ ಬಿಚ್ಚುವಾಗ ‘ಎಂತ, ಚಾ ಉಂಟಾ?’ ಅಂತಲೇ ಕೇಳುವುದು.

ಬೆಣ್ಣೆದೋಸೆ:

ಅಯ್ಯೋ, ಇಷ್ಟೆಲ್ಲ ಇದೆಯಾ! ಒಂದು ಸಂಶಯ. ಬರೆಯುವಾಗ ‘ಎಂತ’ವೋ ‘ಎಂಥ’ವೋ? ಆಫೀಸ್ ಗ್ರೂಪಿನಲ್ಲಿ ಎರಡೂ ಬರುತ್ತವೆ.

ಟೀಚರಕ್ಕ:

ನಾನು ಎರಡನ್ನೂ ಬೇರೆ ಇಡುತ್ತೇನೆ. ‘ಎಂಥ ಸುಂದರ ಊರು’ ಅನ್ನುವಾಗ ದೊಡ್ಡ ಥ. ಅದು ‘ಎಂತಹ’ದಿಂದ ಬಂದದ್ದು. ‘ಎಂತ ಮಾಡ್ತಾ ಇದ್ದೀ?’ ಅನ್ನುವಾಗ ಸಣ್ಣ ತ. ಯಾರ ಬಾಯಲ್ಲೂ ಅಲ್ಲಿ ಮಹಾಪ್ರಾಣ ಕೇಳುವುದಿಲ್ಲ.

ತೀರ್ಥಹಳ್ಳಿ ಜಡಿಮಳೆ:

ನಾವು ಎಲ್ಲಕ್ಕೂ ಥ ಹಾಕುತ್ತೇವೆ. ಮಳೆಗೆ ಪ್ರಾಣ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

ಕುಂದಾಪ್ರದವ:

ನಾವು ಮಹಾಪ್ರಾಣವನ್ನೇ ಇಟ್ಟುಕೊಂಡಿಲ್ಲ ಮಾರಾಯ್ರೆ, ಅದರ ಗಲಾಟೆಯೇ ಇಲ್ಲ.

ಹಳೆ ಪುಸ್ತಕದ ಹುಳ:

ಟೀಚರಕ್ಕನ ಲೆಕ್ಕ ಚೆನ್ನಾಗಿದೆ. ಆದರೆ ಮೂಲ ‘ಎಂತು’ವಿನಲ್ಲಿ ಇದ್ದದ್ದು ಸಣ್ಣ ತ. ‘ಹ’ ಬಂದು ಸೇರಿದ ಮೇಲೆ ಥ ಆಯಿತು. ಅಂದರೆ ಉಚ್ಚಾರದಲ್ಲಿ ಹಳೆಯದನ್ನು ಉಳಿಸಿಕೊಂಡವರು ಕರಾವಳಿಯವರೇ. ತೀರ್ಥಹಳ್ಳಿಯವರು ಕೋಪ ಮಾಡಬಾರದು.

ತೀರ್ಥಹಳ್ಳಿ ಜಡಿಮಳೆ:

ಎಂಥಕ್ಕೆ ಕೋಪ?

ಬೆಣ್ಣೆದೋಸೆ:

ಇದನ್ನು ಬರೆಯುತ್ತಾ ಇರುವಾಗಲೇ ಕೆಳಗಿನ ಆಂಟಿ ಬಾಗಿಲು ತಟ್ಟುತ್ತಿದ್ದಾರೆ. ಒಳಗಿನಿಂದ ನಾನು ‘ಎಂತ?’ ಅನ್ನಬಹುದಾ? ಬೇಗ ಹೇಳಿ.

ಉರ್ವಾಸ್ಟೋರ್:

ದೊಡ್ಡವರಿಗೆ ಬರೀ ‘ಎಂತ’ ಬೇಡ. ‘ಎಂತ ಆಂಟಿ?’ ಅನ್ನಿ. ‘ತ’ವನ್ನು ಮೇಲೆ ಎತ್ತಿ, ಕೆಳಗೆ ಒತ್ತಬೇಡಿ. ಒತ್ತಿದರೆ ಬೈದ ಹಾಗೆ ಆಗುತ್ತದೆ.

ಬೆಣ್ಣೆದೋಸೆ:

ಅಂದೆ. ಎತ್ತಿಯೇ ಅಂದೆ. ಅವರಿಗೆ ಏನೂ ವಿಶೇಷ ಅನ್ನಿಸಲಿಲ್ಲ, ಅಂದರೆ ಪಾಸ್ ಆದೆ ಅಂತ ಲೆಕ್ಕ ಅಲ್ವಾ?

ಬಾಗಿಲು ತೆಗೆದರೆ ಕೈಯಲ್ಲಿ ಮುಚ್ಚಿದ ತಟ್ಟೆ. ‘ಎಂತ ಇಲ್ಲ’ ಅಂದರು. ಮುಚ್ಚಳ ತೆಗೆದರೆ ಬಿಸಿ ಬಿಸಿ ಪತ್ರೊಡೆ, ಮೇಲೆ ಬೆಲ್ಲ ತೆಂಗಿನಕಾಯಿ ಹಾಕಿ ಒಗ್ಗರಣೆ. ತಟ್ಟೆ ತುಂಬಾ ಇದೆ. ‘ಎಂತ ಇಲ್ಲ’ ಅಂದರೆ ‘ಏನೂ ಇಲ್ಲ’ ಅಂತ ಟೀಚರಕ್ಕ ಹೇಳಿದ್ದರಲ್ಲ?

ಟೀಚರಕ್ಕ:

ಅದು ಇನ್ನೊಂದು. ಬಿಟ್ಟುಹೋಗಿತ್ತು. ಮೊದಲು ತಿನ್ನಿ, ಆರಿದರೆ ರುಚಿ ಇಲ್ಲ. ಆಮೇಲೆ ಹೇಳುತ್ತೇನೆ.